ಎಂಜಿಬಿ ರೋಡ್‌ಸ್ಟರ್: ವಿದ್ಯುತ್ ವ್ಯವಸ್ಥೆ ಮತ್ತು ದೋಷಪತ್ತೆ

ಎಂಜಿಬಿ ರೋಡ್‌ಸ್ಟರ್‌ನ ವಿದ್ಯುತ್ ದೋಷಪತ್ತೆ ಎಂದರೆ 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದ, ಮಡಚುವ ಟಾಪಿನ ಈ ಕಾರಿನ 12 ವೋಲ್ಟ್ ವ್ಯವಸ್ಥೆಯಲ್ಲಿ ಪ್ರವಾಹ ಎಲ್ಲಿ ತಡೆದಿದೆ, ಎಲ್ಲಿ ಸೋರುತ್ತಿದೆ ಎಂಬುದನ್ನು ಅಳತೆಯಿಂದ ಗುರುತಿಸುವ ಕ್ರಮ. ಈ ಕಾರಿನಲ್ಲಿ ಕಂಪ್ಯೂಟರ್ ಇಲ್ಲ. ದೋಷವನ್ನು ಸಂಕೇತಸಂಖ್ಯೆಯಾಗಿ ತೋರಿಸುವ ಸಾಧನವೂ ಇಲ್ಲ. ತಂತಿಗಳ ಬಣ್ಣ, ಒಂದು ಮಲ್ಟಿಮೀಟರ್ ಮತ್ತು ಒಂದು ಟೆಸ್ಟ್ ಲ್ಯಾಂಪ್ ಇದ್ದರೆ ಹೆಚ್ಚಿನ ದೋಷಗಳನ್ನು ಹಿಡಿಯಬಹುದು. ದೋಷಗಳಲ್ಲಿ ಬಹುಪಾಲು ಬಿಡಿಭಾಗಗಳಲ್ಲಿರದೆ ಅವುಗಳ ನಡುವಿನ ಜೋಡಣೆಗಳಲ್ಲಿರುತ್ತವೆ.

ಈ ಲೇಖನದಲ್ಲಿ ‘ಅರ್ತ್’ ಎಂದರೆ ಪ್ರವಾಹ ಬ್ಯಾಟರಿಗೆ ಮರಳುವ ದಾರಿಯಾಗಿ ಬಳಕೆಯಾಗುವ ಕಾರಿನ ಉಕ್ಕಿನ ಮೈ; ‘ಮಂಡಲ’ ಎಂದರೆ ಬ್ಯಾಟರಿಯಿಂದ ಹೊರಟು ಉಪಕರಣದ ಮೂಲಕ ಅರ್ತ್ ಸೇರಿ ಬ್ಯಾಟರಿಗೆ ಮರಳುವ ಪೂರ್ಣ ದಾರಿ; ‘ಕುಸಿತ’ ಎಂದರೆ ಆ ದಾರಿಯ ಒಂದು ಭಾಗದಲ್ಲಿ ನಷ್ಟವಾಗುವ ವೋಲ್ಟೇಜ್.

ಹಿನ್ನೆಲೆ

ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ 1962ರಲ್ಲಿ ಎಂಜಿಎ ಮಾದರಿಯ ಬದಲಿಗೆ ಎಂಜಿಬಿಯನ್ನು ಮಾರುಕಟ್ಟೆಗೆ ತಂದಿತು. ಎಂಜಿಎಗೆ ಪ್ರತ್ಯೇಕ ಷಾಸಿ ಇತ್ತು. ಎಂಜಿಬಿಯಲ್ಲಿ ಮೈಯೇ ಷಾಸಿಯಾಯಿತು. ಎಂಜಿನ್ 1,798 ಘನ ಸೆಂಟಿಮೀಟರಿನ ಬಿ-ಸೀರೀಸ್. 1965ರಲ್ಲಿ ಗಟ್ಟಿ ಚಾವಣಿಯ ಜಿಟಿ ಬಂದಿತು. ಎರಡೂ ರೂಪಗಳು ಸೇರಿ 5 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ದೊಡ್ಡ ಪಾಲು ಅಮೆರಿಕಕ್ಕೆ ಹೋಯಿತು.

ವಿದ್ಯುತ್ ಉಪಕರಣಗಳನ್ನು ಬಹುಮಟ್ಟಿಗೆ ಬರ್ಮಿಂಗ್‌ಹ್ಯಾಮಿನ ಲೂಕಾಸ್ ಕಂಪನಿ ಒದಗಿಸಿತು. ಜೋಸೆಫ್ ಲೂಕಾಸ್ (1834–1902) ಸೀಮೆಎಣ್ಣೆ ಮಾರಾಟದಿಂದ ಶುರುಮಾಡಿ ದೀಪಗಳ ತಯಾರಿಕೆಗೆ ಇಳಿದವರು. ಅವರ ಸೈಕಲ್ ದೀಪಗಳು ‘ಕಿಂಗ್ ಆಫ್ ದಿ ರೋಡ್’ ಎಂಬ ಹೆಸರಿನಲ್ಲಿ ಮಾರಾಟವಾದವು. ಮುಂದೆ ಹಳೆಯ ಕಾರುಗಳ ಮಾಲೀಕರು ಅದನ್ನೇ ತಿರುಚಿ ಲೂಕಾಸ್‌ಗೆ ‘ಪ್ರಿನ್ಸ್ ಆಫ್ ಡಾರ್ಕ್‌ನೆಸ್’, ಅಂದರೆ ಕತ್ತಲೆಯ ರಾಜಕುಮಾರ, ಎಂಬ ಅಡ್ಡಹೆಸರಿಟ್ಟರು. ಈ ಗೇಲಿ ಪೂರ್ತಿ ನ್ಯಾಯವಾದುದಲ್ಲ. ಹತ್ತು ಹನ್ನೆರಡು ವರ್ಷ ಬಾಳಲೆಂದು ಮಾಡಿದ ಜೋಡಣೆಗಳನ್ನು ಐವತ್ತು ವರ್ಷ ಬಳಸಿದರೆ ಯಾವ ಕಂಪನಿಯ ತಂತಿಯೂ ತುಕ್ಕು ಹಿಡಿಯುತ್ತದೆ.

ವ್ಯವಸ್ಥೆಯಲ್ಲಾದ ಬದಲಾವಣೆಗಳು

ಒಂದು ಎಂಜಿಬಿಯ ದೋಷ ಹುಡುಕುವ ಮೊದಲು ಅದು ಯಾವ ವರ್ಷದ್ದೆಂದು ತಿಳಿದಿರಬೇಕು. ಹೊರಗಿನಿಂದ ಒಂದೇ ಥರ ಕಾಣುವ ಕಾರುಗಳ ಒಳಗಿನ ವೈರಿಂಗ್ ಬೇರೆ ಬೇರೆ.

1967ರವರೆಗಿನ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಮೈಗೆ ಜೋಡಿಸಲಾಗಿತ್ತು. ಚಾರ್ಜ್ ಮಾಡಲು ಲೂಕಾಸ್ ಸಿ40 ಡೈನಮೊ ಇತ್ತು. ಅದರ ಗರಿಷ್ಠ ಉತ್ಪಾದನೆ 22 ಆಂಪಿಯರ್. ಅದನ್ನು ನಿಯಂತ್ರಿಸಲು ಆರ್‌ಬಿ340 ಎಂಬ ಕಂಟ್ರೋಲ್ ಬಾಕ್ಸ್ ಇತ್ತು. 1967ರ ಕೊನೆಯಲ್ಲಿ ಬಂದ ಎರಡನೆಯ ಆವೃತ್ತಿಯಿಂದ (ಮಾರ್ಕ್ 2) ಋಣ ತುದಿ ಮೈಗೆ ಬಂದಿತು, ಡೈನಮೊ ಜಾಗದಲ್ಲಿ 16ಎಸಿ ಆಲ್ಟರ್ನೇಟರ್ ಕೂತಿತು. ಆರಂಭದಲ್ಲಿ ಅದಕ್ಕೆ ಪ್ರತ್ಯೇಕ ರೆಗ್ಯುಲೇಟರ್ ಇದ್ದು, ಸ್ವಲ್ಪ ಕಾಲದಲ್ಲೇ ಬಂದ 16ಎಸಿಆರ್ ಮಾದರಿಯಲ್ಲಿ ರೆಗ್ಯುಲೇಟರ್ ಒಳಗೇ ಸೇರಿತು. ಸ್ಟಾರ್ಟರ್ ಮೋಟಾರ್ ಕೂಡ ಇದೇ ಹಂತದಲ್ಲಿ ಬದಲಾಯಿತು: ತಿರುಗುವ ವೇಗದಿಂದ ಹಲ್ಲು ಮುಂದೆ ಜಿಗಿಯುತ್ತಿದ್ದ ಹಳೆಯ ಬಗೆ ಹೋಗಿ, ಸೊಲೆನಾಯ್ಡ್ ಮೊದಲೇ ಹಲ್ಲನ್ನು ಜೋಡಿಸುವ ಬಗೆ ಬಂದಿತು.

1974ರವರೆಗೆ ಆಸನಗಳ ಹಿಂದಿನ ತಟ್ಟೆಯ ಕೆಳಗೆ 6 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಲಾಗುತ್ತಿತ್ತು. ಕಪ್ಪು ರಬ್ಬರ್ ಬಂಪರಿನ ಕಾರುಗಳು ಬಂದ ಮೇಲೆ ಒಂದೇ 12 ವೋಲ್ಟ್ ಬ್ಯಾಟರಿ ಸಾಕಾಯಿತು. ಇಗ್ನಿಷನ್ ಕಾಯಿಲ್ ಕೂಡ ಆಗಲೇ ಬದಲಾಗಿ, ತಂತಿಯೊಳಗೇ ರೋಧವಿರುವ ಬ್ಯಾಲಸ್ಟ್ ಪದ್ಧತಿ ಜಾರಿಗೆ ಬಂದಿತು. ಹಳೆಯ ಕಾಯಿಲ್‌ನ ಪ್ರಾಥಮಿಕ ಸುತ್ತಿನ ರೋಧ ಸುಮಾರು 3 ಓಮ್, ಬ್ಯಾಲಸ್ಟ್ ಕಾಯಿಲ್‌ನದು ಸುಮಾರು 1.5 ಓಮ್. ಇವೆರಡನ್ನು ಅದಲುಬದಲು ಹಾಕಿದ ಕಾರುಗಳು ರಿಪೇರಿಗೆ ಆಗಾಗ ಬರುತ್ತವೆ: ಬ್ಯಾಲಸ್ಟ್ ಇಲ್ಲದ ತಂತಿಗೆ ಬ್ಯಾಲಸ್ಟ್ ಕಾಯಿಲ್ ಜೋಡಿಸಿದರೆ ಕಾಯಿಲ್ ಕಾದು ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್ (ಪ್ರವಾಹವನ್ನು ಕಡಿದು ಕೂಡಿಸುವ ಸಂಪರ್ಕ) ಸುಡುತ್ತದೆ, ತಿರುಗುಮುರುಗಾದರೆ ಕಿಡಿ ದುರ್ಬಲವಾಗುತ್ತದೆ.

ರಚನೆ

ಫ್ಯೂಸ್‌ಗಳ ವಿಷಯದಲ್ಲಿ ವಿನ್ಯಾಸಕರು ಬಹಳ ಜಿಪುಣತನ ತೋರಿದ್ದಾರೆ. ಆರಂಭದ ಪೆಟ್ಟಿಗೆಯಲ್ಲಿ ಕೆಲಸ ಮಾಡುವ ಫ್ಯೂಸ್ ಎರಡೇ. ಒಂದು ಯಾವಾಗಲೂ ಜೀವಂತವಾಗಿರುವ ಹಾರ್ನ್ ಮತ್ತು ಒಳದೀಪಗಳಿಗೆ. ಇನ್ನೊಂದು ಕೀ ತಿರುಗಿಸಿದಾಗ ಕೆಲಸ ಮಾಡುವ ಇಂಡಿಕೇಟರ್, ಬ್ರೇಕ್ ದೀಪ, ವೈಪರ್, ಪೆಟ್ರೋಲ್ ಮಾಪಕಗಳಿಗೆ. 1970ರ ಸುಮಾರಿಗೆ ನಾಲ್ಕು ಫ್ಯೂಸ್‌ಗಳ ಪೆಟ್ಟಿಗೆ ಬಂದಾಗ ಎಡ ಮತ್ತು ಬಲ ಪಾರ್ಕ್ ದೀಪಗಳಿಗೆ ಒಂದೊಂದು ಫ್ಯೂಸ್ ದೊರೆಯಿತು. ಬ್ಯಾಟರಿಯಿಂದ ಕೀ ಸ್ವಿಚ್ಚಿನವರೆಗಿನ ಮುಖ್ಯ ತಂತಿಗಾಗಲಿ, ಇಗ್ನಿಷನ್ ಕಾಯಿಲ್‌ಗಾಗಲಿ, ಹೆಡ್‌ಲೈಟ್‌ಗಳಿಗಾಗಲಿ ಫ್ಯೂಸ್ ಇರಲಿಲ್ಲ. ಆ ತಂತಿಗಳ ಹೊದಿಕೆ ಸವೆದು ಮೈಗೆ ತಾಗಿದರೆ ಕಡಿದುಹೋಗಲು ಏನೂ ಇಲ್ಲದೆ ಇಡೀ ಹಾರ್ನೆಸ್ (ತಂತಿಗಳ ಕಟ್ಟು) ಹೊತ್ತಿಕೊಳ್ಳಬಹುದು.

ಫ್ಯೂಸ್‌ನ ಅಳತೆಯಲ್ಲೂ ಒಂದು ತೊಡಕಿದೆ. ಬ್ರಿಟಿಷ್ ಗಾಜಿನ ಫ್ಯೂಸ್ ಮೇಲೆ ಬರೆದ 35 ಆಂಪಿಯರ್ ಅದು ಕರಗುವ ಪ್ರವಾಹ. ನಿರಂತರವಾಗಿ ಅದು ಹೊರುವುದು 17 ಆಂಪಿಯರ್ ಮಾತ್ರ. ಅಮೆರಿಕದ ಫ್ಯೂಸ್‌ಗಳ ಮೇಲಿನ ಸಂಖ್ಯೆ ನಿರಂತರ ಪ್ರವಾಹದ್ದು. 35 ಎಂದು ಬರೆದಿದೆಯೆಂದು ಅಮೆರಿಕದ ಫ್ಯೂಸ್ ಹಾಕಿದರೆ ರಕ್ಷಣೆ ಅರ್ಧಕ್ಕರ್ಧ ಕಡಿಮೆಯಾದಂತೆ.

ತಂತಿಗಳನ್ನು ಸೇರಿಸಲು ಎರಡು ಬಗೆಯ ಜೋಡಣೆಗಳಿವೆ. ಒಂದು, ತಂತಿಯ ತುದಿಗೆ ಗುಂಡಿನ ಆಕಾರದ ಲೋಹದ ಮೊಳೆ ಕೂರಿಸಿ, ರಬ್ಬರ್ ಹೊದಿಕೆಯ ಲೋಹದ ಕೊಳವೆಗೆ ತೂರಿಸುವ ಬುಲೆಟ್ ಜೋಡಣೆ. ಇನ್ನೊಂದು ಲೂಕಾರ್ ಎಂಬ ಚಪ್ಪಟೆ ತುದಿ. ಬುಲೆಟ್ ಜೋಡಣೆಯ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಾಗ ನೀರು ಒಳಸೇರಿ ಕೊಳವೆ ಕಪ್ಪಾಗುತ್ತದೆ. ಹೊರಗಿನಿಂದ ಅದು ಸರಿಯಾಗಿಯೇ ಕಾಣುತ್ತದೆ. ಎಳೆದು ನೋಡಿದಾಗ ಹಸಿರು ಪುಡಿ ಬೀಳುತ್ತದೆ.

ತಂತಿಗಳ ಬಣ್ಣ

ಬ್ರಿಟಿಷ್ ಮಾನಕ ಎಯು 7ರ ಬಣ್ಣಸಂಕೇತ ಈ ಕಾರಿನ ದೋಷಪತ್ತೆಗೆ ಬಹುಮುಖ್ಯ ಆಧಾರ. ಕಂದು ತಂತಿ ಬ್ಯಾಟರಿಯಿಂದ ನೇರ ಬಂದದ್ದು. ಕೀ ತೆಗೆದರೂ ಅದರಲ್ಲಿ ವೋಲ್ಟೇಜ್ ಇರುತ್ತದೆ. ಅದೇ ಪ್ರವಾಹ ಫ್ಯೂಸ್ ದಾಟಿದ ಮೇಲೆ ನೇರಳೆ ಬಣ್ಣದ ತಂತಿಯಲ್ಲಿ ಹರಿಯುತ್ತದೆ. ಕೀ ತಿರುಗಿಸಿದ ಮೇಲೆ ಮಾತ್ರ ಜೀವ ಬರುವುದು ಬಿಳಿ. ಫ್ಯೂಸ್ ದಾಟಿದರೆ ಅದು ಹಸಿರಾಗುತ್ತದೆ. ಕೆಂಪು ಪಾರ್ಕ್ ಮತ್ತು ಹಿಂದೀಪಗಳಿಗೆ, ನೀಲಿ ಹೆಡ್‌ಲೈಟ್‌ಗೆ (ಬಿಳಿ ಗೆರೆ ಹೈ ಬೀಮ್‌ಗೆ, ಕೆಂಪು ಗೆರೆ ಡಿಪ್‌ಗೆ), ಹಳದಿ ಓವರ್‌ಡ್ರೈವ್‌ಗೆ. ಅರ್ತ್ ಯಾವಾಗಲೂ ಕಪ್ಪು.

ಗೆರೆಯಿರುವ ತಂತಿಯಲ್ಲಿ ಮೂಲ ಬಣ್ಣ ಮಂಡಲವನ್ನೂ ಗೆರೆಯ ಬಣ್ಣ ಶಾಖೆಯನ್ನೂ ಹೇಳುತ್ತದೆ. ಹಸಿರಿನ ಮೇಲೆ ಕೆಂಪು ಗೆರೆ ಎಡ ಇಂಡಿಕೇಟರ್, ಬಿಳಿ ಗೆರೆ ಬಲ ಇಂಡಿಕೇಟರ್, ನೇರಳೆ ಗೆರೆ ಬ್ರೇಕ್ ದೀಪ. ಬಿಳಿಯ ಮೇಲೆ ಕಪ್ಪು ಗೆರೆ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ. ಬಿಳಿಯ ಮೇಲೆ ಕೆಂಪು ಗೆರೆ ಸ್ಟಾರ್ಟರ್ ಸೊಲೆನಾಯ್ಡ್‌ಗೆ. ಸಂಕೇತ ಗೊತ್ತಿದ್ದವರಿಗೆ ನಕ್ಷೆ ಇಲ್ಲದೆಯೂ ಅರ್ಧ ದಾರಿ ಸಾಗುತ್ತದೆ. ಆದರೆ ಹಿಂದಿನ ಮಾಲೀಕರು ಕೈಗೆ ಸಿಕ್ಕ ತಂತಿ ಸೇರಿಸಿ ಸುತ್ತಿದ ಕಡೆ ಸಂಕೇತವನ್ನು ನಂಬುವಂತಿಲ್ಲ. ಹಳೆಯ ರೇಡಿಯೊ, ಮಂಜಿನ ದೀಪ ಮತ್ತು ಕಳ್ಳರ ಅಲಾರಂ ಜೋಡಿಸಿದ್ದ ಸ್ಥಳಗಳನ್ನು ಮೊದಲು ನೋಡುವುದು ಒಳ್ಳೆಯದು.

ದೋಷಗಳ ಬಗೆ

ಮಂಡಲ ಪೂರ್ತಿ ಕಡಿದುಹೋಗುವುದು ಮೊದಲನೆಯ ಬಗೆ. ಜೀವಂತ ತಂತಿ ಮೈಗೆ ತಾಗಿ ಶಾರ್ಟ್ ಆಗುವುದು ಎರಡನೆಯದು. ಫ್ಯೂಸ್ ಇದ್ದ ಕಡೆ ಫ್ಯೂಸ್ ಹೋಗುತ್ತದೆ, ಇಲ್ಲದ ಕಡೆ ಹೊಗೆ ಬರುತ್ತದೆ. ಕಾರು ನಿಂತಾಗ ಬ್ಯಾಟರಿ ಬರಿದಾಗುವ ಸೋರಿಕೆ ಮೂರನೆಯದು.

ಈ ಕಾರಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ನಾಲ್ಕನೆಯ ಬಗೆಯಾದ ಹೆಚ್ಚುವರಿ ರೋಧ. ಮೀಟರ್‌ಗಳು ಅತಿ ಹೆಚ್ಚು ಮೋಸಹೋಗುವುದೂ ಇಲ್ಲಿಯೇ. ತುಕ್ಕು ಹಿಡಿದ ಜೋಡಣೆಯಲ್ಲಿ 0.1 ಓಮ್ ರೋಧವಿದೆ ಎನ್ನೋಣ. ಪ್ರವಾಹ ಹರಿಯದಿದ್ದಾಗ ಅದರ ಎರಡೂ ಕಡೆ ಮೀಟರ್ 12 ವೋಲ್ಟನ್ನೇ ತೋರಿಸುತ್ತದೆ. ಹೆಡ್‌ಲೈಟ್ ಹಾಕಿ 8 ಆಂಪಿಯರ್ ಹರಿದ ಕೂಡಲೇ ಆ ಒಂದೇ ಜೋಡಣೆಯಲ್ಲಿ 0.8 ವೋಲ್ಟ್ ಕುಸಿಯುತ್ತದೆ. ಸ್ಟಾರ್ಟರ್ ಮಂಡಲದಲ್ಲಿ 150 ಆಂಪಿಯರ್ ಹರಿಯುವಾಗ ಅದರ ಹತ್ತನೇ ಒಂದು ಭಾಗದಷ್ಟು, ಅಂದರೆ 0.01 ಓಮ್ ರೋಧವೇ 1.5 ವೋಲ್ಟ್ ನುಂಗುತ್ತದೆ. ಸಾಮಾನ್ಯ ಮಲ್ಟಿಮೀಟರ್‌ನ ಓಮ್ ಅಳತೆಗೆ ಇಷ್ಟು ಸಣ್ಣ ರೋಧ ಸಿಗುವುದೇ ಇಲ್ಲ. ಆದ್ದರಿಂದ ಉಪಕರಣ ಕೆಲಸ ಮಾಡುತ್ತಿರುವಾಗಲೇ ಕುಸಿತವನ್ನು ಅಳೆಯಬೇಕು.

ಕುಸಿತದ ಪರೀಕ್ಷೆ

ಮಲ್ಟಿಮೀಟರನ್ನು 20 ವೋಲ್ಟ್ ಡಿಸಿ ಅಳತೆಗೆ ಇಟ್ಟು, ದೀಪ ಉರಿಯುತ್ತಿರುವಾಗ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ಕಡೆಯ ತುದಿಗೂ ಇನ್ನೊಂದನ್ನು ದೀಪದ ಹೋಲ್ಡರ್‌ನ ಲೋಹಕ್ಕೂ ಮುಟ್ಟಿಸಲಾಗುತ್ತದೆ. ಅರ್ತ್ ಚೆನ್ನಾಗಿದ್ದರೆ 0.2 ವೋಲ್ಟ್‌ಗಿಂತ ಹೆಚ್ಚು ಬರಬಾರದು. ಹೆಚ್ಚು ಬಂದರೆ ಹೋಲ್ಡರ್‌ನಿಂದ ಹಿಂದಕ್ಕೆ ಒಂದೊಂದೇ ಜೋಡಣೆ ದಾಟುತ್ತ ಹೋಗಬೇಕು: ಹೋಲ್ಡರ್, ಕಪ್ಪು ತಂತಿಯ ಬುಲೆಟ್, ಮೈಗೆ ಬಿಗಿದ ಬೋಲ್ಟ್, ಬೋಲ್ಟ್‌ನ ಪಕ್ಕದ ಬರಿಯ ಉಕ್ಕು. ಯಾವ ಎರಡು ಬಿಂದುಗಳ ನಡುವೆ ಸಂಖ್ಯೆ ತಟ್ಟನೆ ಇಳಿಯುತ್ತದೆಯೋ ದೋಷ ಅವುಗಳ ನಡುವೆ ಇದೆ. ಇದೇ ಕ್ರಮವನ್ನು ಜೀವಂತ ಕಡೆಗೂ ಅನುಸರಿಸಬಹುದು. ಬ್ಯಾಟರಿಯಿಂದ ಹೆಡ್‌ಲೈಟ್ ತನಕ ಒಟ್ಟು ಕುಸಿತ 0.5 ವೋಲ್ಟ್ ಒಳಗಿದ್ದರೆ ಒಪ್ಪಬಹುದು.

ಧನ ತುದಿ ಅರ್ತ್ ಆಗಿರುವ ಕಾರಿನಲ್ಲಿ ಮೀಟರ್ ಕಡ್ಡಿಗಳನ್ನು ಅದಲುಬದಲು ಮಾಡಬೇಕು, ಇಲ್ಲವೇ ಸಂಖ್ಯೆಯ ಮುಂದಿನ ಋಣ ಚಿಹ್ನೆಯನ್ನು ಕಡೆಗಣಿಸಬೇಕು. ಟೆಸ್ಟ್ ಲ್ಯಾಂಪ್‌ಗೆ ಈ ಗೊಂದಲವಿಲ್ಲ. ಅದರ ಬಲ್ಬ್ ಸ್ವಲ್ಪ ಪ್ರವಾಹ ಎಳೆಯುವುದರಿಂದ, ಒಂದೇ ಎಳೆಯ ಮೇಲೆ ನೇತಾಡುತ್ತಿರುವ ತಂತಿಯನ್ನು ಮೀಟರ್‌ಗಿಂತ ಬೇಗ ಬಯಲಿಗೆಳೆಯುವುದೂ ಉಂಟು.

ಬ್ಯಾಟರಿ ಮತ್ತು ಸ್ಟಾರ್ಟರ್

ಎಂಜಿನ್ ನಿಂತು ಕೆಲವು ಗಂಟೆಗಳಾದ ಮೇಲೆ ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎರಡು ಬ್ಯಾಟರಿಗಳಿರುವ ಕಾರಿನಲ್ಲಿ ಎರಡನ್ನೂ ಬೇರೆ ಬೇರೆ ಅಳೆಯಬೇಕು. ಒಂದು ಸತ್ತಿದ್ದರೆ ಇನ್ನೊಂದು ಹೊಸದಾಗಿದ್ದರೂ ಪ್ರಯೋಜನವಿಲ್ಲ. ಎರಡನ್ನು ಕೂಡಿಸುವ ಕೊಂಡಿ ಕೇಬಲ್ ತಟ್ಟೆಯ ಕೆಳಗೆ ಕಣ್ಣಿಗೆ ಬೀಳದೆ ಇರುವುದರಿಂದ ಅದರ ಕ್ಲಾಂಪ್‌ಗಳನ್ನು ಉಜ್ಜುವುದು ಅನೇಕ ಸಲ ಮರೆತುಹೋಗುತ್ತದೆ.

ಕರ್ನಾಟಕದ ಗ್ಯಾರೇಜುಗಳಲ್ಲಿ ‘ಸೆಲ್ಫ್’ ಎಂದು ಕರೆಯುವ ಸ್ಟಾರ್ಟರ್ ಮೋಟಾರ್ ಕೆಲಸ ಮಾಡದಿದ್ದಾಗ ಹೆಡ್‌ಲೈಟ್ ಹಾಕಿ ಕೀ ತಿರುಗಿಸುವುದು ಹಳೆಯ, ನಂಬಬಹುದಾದ ಪರೀಕ್ಷೆ. ದೀಪ ಪೂರ್ತಿ ಆರಿಹೋದರೆ ಬ್ಯಾಟರಿಯ ಕ್ಲಾಂಪ್ ಅಥವಾ ಮುಖ್ಯ ಅರ್ತ್ ಸಡಿಲ. ತುಂಬಾ ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಸ್ಟಾರ್ಟರ್ ಹಲ್ಲು ಸಿಕ್ಕಿಕೊಂಡಿದೆ. ದೀಪದ ಬೆಳಕು ಕದಲದಿದ್ದರೆ ಪ್ರವಾಹ ಸ್ಟಾರ್ಟರ್ ತನಕ ಹೋಗಿಯೇ ಇಲ್ಲ. ಆಗ ಬಿಳಿ–ಕೆಂಪು ತಂತಿ, ಸೊಲೆನಾಯ್ಡ್ ಮತ್ತು ಕೀ ಸ್ವಿಚ್ಚನ್ನು ನೋಡಬೇಕು.

ಎಂಜಿನ್ ರಬ್ಬರ್ ಆಸರೆಗಳ ಮೇಲೆ ಕೂತಿರುವುದರಿಂದ ಅದಕ್ಕೂ ಮೈಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದು ಇರಲೇಬೇಕು. ಕ್ಲಚ್ ಅಥವಾ ಗೇರ್‌ಬಾಕ್ಸ್ ಕೆಲಸಕ್ಕೆಂದು ಎಂಜಿನ್ ಇಳಿಸಿದವರು ಇದನ್ನು ಮತ್ತೆ ಬಿಗಿಯಲು ಮರೆಯುವುದುಂಟು. ಆಗ ಸ್ಟಾರ್ಟರ್‌ನ ನೂರಾರು ಆಂಪಿಯರ್ ಬೇರೆ ದಾರಿಯಿಲ್ಲದೆ ಚೋಕ್ ಮತ್ತು ಆಕ್ಸಿಲರೇಟರ್ ಕೇಬಲ್‌ಗಳ ಮೂಲಕ ಮೈ ಸೇರುತ್ತದೆ. ಸ್ಟಾರ್ಟರ್ ನಿಧಾನವಾಗಿ ಮುಲುಗುತ್ತದೆ. ಡ್ಯಾಶ್‌ಬೋರ್ಡಿನ ಚೋಕ್ ಗುಂಡಿ ಕೈಗೆ ಬಿಸಿ ತಾಗುತ್ತದೆ, ಕೆಲವೊಮ್ಮೆ ಕೇಬಲ್‌ನ ಹೊದಿಕೆಯಿಂದ ಹೊಗೆಯೂ ಬರುತ್ತದೆ. ಬಿಸಿಯಾದ ಚೋಕ್ ಕೇಬಲ್ ಕಂಡರೆ ಬ್ಯಾಟರಿಗೆ ಹಣ ಸುರಿಯುವ ಮುನ್ನ ಈ ಪಟ್ಟಿಯನ್ನು ಹುಡುಕಬೇಕು.

ಚಾರ್ಜಿಂಗ್

ಎಂಜಿಬಿಯಲ್ಲಿ ಕಂಪನಿ ಆಂಪಿಯರ್ ಮಾಪಕ ಕೊಡಲಿಲ್ಲ. ಚಾಲಕನಿಗೆ ಸಿಗುವ ಸೂಚನೆ ಡ್ಯಾಶ್‌ಬೋರ್ಡಿನ ಕೆಂಪು ದೀಪವೊಂದೇ. ಎಂಜಿನ್ ಸ್ವಲ್ಪ ವೇಗವಾಗಿ ತಿರುಗುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಇದ್ದರೆ ಆಲ್ಟರ್ನೇಟರ್ ಸರಿಯಾಗಿದೆ ಎಂದು ತಿಳಿಯಬಹುದು.

ಕೆಂಪು ದೀಪ ಬರೀ ಸೂಚಕವಲ್ಲ. ಆಲ್ಟರ್ನೇಟರ್‌ಗೆ ಆರಂಭದ ಕಾಂತತ್ವ ಕೊಡುವ ಪ್ರವಾಹ ಆ ಬಲ್ಬಿನ ಮೂಲಕವೇ ಹೋಗುತ್ತದೆ. ಬಲ್ಬ್ ಸುಟ್ಟಿದ್ದರೆ ಆಲ್ಟರ್ನೇಟರ್ ಹೊಸದಾದರೂ ಚಾರ್ಜ್ ಶುರುವಾಗದೇ ಇರಬಹುದು. ಕೀ ತಿರುಗಿಸಿದಾಗ ಕೆಂಪು ದೀಪ ಹತ್ತಿತೇ ಎಂದು ನೋಡುವುದು ಇದಕ್ಕೇ. ಓಡುವಾಗ ದೀಪ ಮಂಕಾಗಿ ಮಿನುಗುತ್ತಿದ್ದರೆ ಕಂದು ಮತ್ತು ಕಂದು–ಹಳದಿ ತಂತಿಗಳ ನಡುವೆ ವೋಲ್ಟೇಜ್ ವ್ಯತ್ಯಾಸವಿದೆ ಎಂದರ್ಥ: ಡಯೋಡ್ ಹೋಗಿರಬಹುದು, ಜೋಡಣೆ ಕೆಟ್ಟಿರಬಹುದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕೇಬಲ್ ಕಳಚಿ ಪರೀಕ್ಷಿಸುವ ರೂಢಿ ಡೈನಮೊ ಕಾಲದ್ದು. ಆಲ್ಟರ್ನೇಟರ್‌ನಲ್ಲಿ ಅದು ಡಯೋಡ್‌ಗಳನ್ನು ಸುಡುತ್ತದೆ.

ಇಗ್ನಿಷನ್

ಆರಂಭದಿಂದ 1974ರವರೆಗೆ ಲೂಕಾಸ್ 25ಡಿ4 ಡಿಸ್ಟ್ರಿಬ್ಯೂಟರ್, ನಂತರ 45ಡಿ4 ಬಳಕೆಯಾಯಿತು. ಅಮೆರಿಕಕ್ಕೆ ಹೋದ 1975ರ ನಂತರದ ಕಾರುಗಳಿಗೆ ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಬಂದಿತು. ಪಾಯಿಂಟ್ ಅಂತರ 0.35ರಿಂದ 0.40 ಮಿಲಿಮೀಟರ್, ಸಿಲಿಂಡರ್‌ಗಳ ಕಿಡಿಯ ಕ್ರಮ 1–3–4–2.

ಕಿಡಿ ಬಾರದಿದ್ದರೆ ಬ್ಯಾಲಸ್ಟ್ ಇಲ್ಲದ ಕಾರಿನಲ್ಲಿ ಪರೀಕ್ಷೆ ಹೀಗೆ. ಕೀ ಹಾಕಿ ಕಾಯಿಲ್‌ನ ಬಿಳಿ ತಂತಿಯ ತುದಿಯಲ್ಲಿ ಬ್ಯಾಟರಿ ವೋಲ್ಟೇಜ್ ಇದೆಯೇ ನೋಡಬೇಕು. ಇಲ್ಲದಿದ್ದರೆ ದೋಷ ಕೀ ಸ್ವಿಚ್ಚಿನ ಕಡೆ. ಇದ್ದರೆ ಬಿಳಿ–ಕಪ್ಪು ತಂತಿಯ ತುದಿಯನ್ನು ಅಳೆಯಬೇಕು: ಪಾಯಿಂಟ್ ತೆರೆದಿದ್ದಾಗ ಅಲ್ಲಿ 12 ವೋಲ್ಟ್, ಮುಚ್ಚಿದ್ದಾಗ ಹೆಚ್ಚುಕಡಿಮೆ ಸೊನ್ನೆ. ಪಾಯಿಂಟ್ ತೆರೆದಾಗಲೂ ಸೊನ್ನೆಯೇ ಇದ್ದರೆ ಆ ತಂತಿಯನ್ನು ಕಾಯಿಲ್‌ನಿಂದ ಕಳಚಬೇಕು. ಕಳಚಿದ ಕೂಡಲೇ ಕಾಯಿಲ್ ತುದಿಯಲ್ಲಿ 12 ವೋಲ್ಟ್ ಬಂದರೆ ಡಿಸ್ಟ್ರಿಬ್ಯೂಟರ್ ಒಳಗೆ ಶಾರ್ಟ್ ಇದೆ. ಪಾಯಿಂಟ್ ಬದಲಿಸುವಾಗ ಪ್ಲಾಸ್ಟಿಕ್ ಬುಶ್ ತಪ್ಪು ಕ್ರಮದಲ್ಲಿ ಕೂತಿರುವುದು, ಕಂಡೆನ್ಸರ್ ಕೆಟ್ಟಿರುವುದು ಇದಕ್ಕೆ ಸಾಮಾನ್ಯ ಕಾರಣ. ಕಳಚಿದರೂ ಸೊನ್ನೆಯಾದರೆ ಕಾಯಿಲ್‌ನ ಸುತ್ತು ಕಡಿದಿದೆ.

ಡಿಸ್ಟ್ರಿಬ್ಯೂಟರ್ ಒಳಗಿನ ಪುಟ್ಟ ಮೆದು ತಂತಿ ವ್ಯಾಕ್ಯೂಮ್ ತಟ್ಟೆಯೊಂದಿಗೆ ಸದಾ ಅಲುಗಾಡಿ, ಹೊದಿಕೆ ಸರಿಯಿದ್ದಂತೆಯೇ ಒಳಗೆ ಕಡಿಯುತ್ತದೆ. ನಿಂತಾಗ ಎಂಜಿನ್ ಚೆನ್ನಾಗಿ ಓಡಿ, ವೇಗ ಕೊಟ್ಟಾಗ ತಡವರಿಸುವ ದೋಷಕ್ಕೆ ಅನೇಕ ವೇಳೆ ಕಾರಣ ಇದೇ. ಹಲವು ಹಳೆಯ ಕಾರುಗಳಲ್ಲಿ ಕಾಯಿಲ್‌ಗೆ ಹೋಗುವ ಬಿಳಿ ತಂತಿ ಸ್ಮಿತ್ಸ್ ಕಂಪನಿಯ ಟ್ಯಾಕೋಮೀಟರ್ ಹಾದು ಹೋಗುತ್ತದೆ. ಅಲ್ಲಿನ ಬುಲೆಟ್ ಸಡಿಲವಾದರೆ ಮಾಪಕದ ಜೊತೆಗೆ ಎಂಜಿನ್ನೂ ನಿಲ್ಲುತ್ತದೆ.

ಪೆಟ್ರೋಲ್ ಪಂಪ್

ಹಿಂದಿನ ಬಲ ಚಕ್ರದ ಹತ್ತಿರ, ನೆಲದ ಕೆಳಗೆ ಇರುವ ಎಸ್‌ಯು ಪಂಪ್ ಈ ಕಾರಿನ ಹೆಸರಾಂತ ತಲೆನೋವು. ಕಾಯಿಲ್ ಒಂದು ಪೊರೆಯನ್ನು ಎಳೆಯುತ್ತದೆ, ಕೊನೆ ಮುಟ್ಟಿದಾಗ ಪಾಯಿಂಟ್ ತೆರೆದು ಬಿಡುತ್ತದೆ, ಸ್ಪ್ರಿಂಗ್ ಅದನ್ನು ಹಿಂದೆ ತಳ್ಳುತ್ತದೆ. ಪ್ರತಿ ಸಲವೂ ಟಕ್ ಎಂಬ ಸದ್ದು. ಕೀ ಹಾಕಿದ ಕೂಡಲೇ ಬಿರುಸಾಗಿ ಟಕಟಕ ಎಂದು, ಕಾರ್ಬುರೇಟರ್ ತುಂಬಿದಂತೆ ನಿಧಾನವಾಗಿ ನಿಂತರೆ ಪಂಪ್ ಆರೋಗ್ಯವಾಗಿದೆ. ನಿಲ್ಲದೆ ಬಡಿಯುತ್ತಿದ್ದರೆ ಟ್ಯಾಂಕ್ ಖಾಲಿ, ಪೈಪಿನಲ್ಲಿ ಗಾಳಿ, ಇಲ್ಲವೇ ಕಾರ್ಬುರೇಟರ್‌ನ ಕವಾಟದ ಸೋರಿಕೆ. ಸದ್ದೇ ಇಲ್ಲದಿದ್ದರೆ ಬಿಳಿ ತಂತಿಯಲ್ಲಿ ವೋಲ್ಟೇಜನ್ನೂ ಕಪ್ಪು ತಂತಿಯ ಅರ್ತನ್ನೂ ಅಳೆಯಬೇಕು. ಎರಡೂ ಸರಿಯಿದ್ದರೆ ಪಂಪಿನ ಪಾಯಿಂಟ್ ಸುಟ್ಟಿದೆ. ಪಂಪಿನ ಮೈಗೆ ಸ್ಪ್ಯಾನರ್ ಹಿಡಿಯಿಂದ ತಟ್ಟಿದಾಗ ಅದು ಎದ್ದು ಕೂತರೆ ರೋಗನಿದಾನ ಖಚಿತವಾದಂತೆ. ತಟ್ಟಿ ಮನೆ ಮುಟ್ಟಬಹುದು, ಅದು ರಿಪೇರಿಯಲ್ಲ.

ದೀಪಗಳು ಮತ್ತು ಮಾಪಕಗಳು

ತಂತು ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಇಳಿಯುತ್ತದೆ. ವೋಲ್ಟೇಜ್ 10 ಪ್ರತಿಶತ ಕುಸಿದರೆ ಬೆಳಕು ಸುಮಾರು 30 ಪ್ರತಿಶತ ಕಡಿಮೆಯಾಗುತ್ತದೆ. ಹೆಡ್‌ಲೈಟ್‌ನ ಇಡೀ ಪ್ರವಾಹ ಡ್ಯಾಶ್‌ಬೋರ್ಡಿನ ಸ್ವಿಚ್ ಮತ್ತು ಡಿಪ್ ಸ್ವಿಚ್ ಎರಡನ್ನೂ ದಾಟಿ ಬರುವುದರಿಂದ ಹಳೆಯ ಎಂಜಿಬಿಯ ಮಂಕು ಬೆಳಕಿಗೆ ಬಲ್ಬಿಗಿಂತ ಈ ಸ್ವಿಚ್‌ಗಳೇ ಹೆಚ್ಚು ಹೊಣೆ. ರಿಲೇ ಮತ್ತು ಫ್ಯೂಸ್ ಸೇರಿಸಿ ಬ್ಯಾಟರಿಯಿಂದ ನೇರ ಪ್ರವಾಹ ಕೊಡುವುದು ಇಂದು ವ್ಯಾಪಕವಾಗಿರುವ ಪರಿಹಾರ. ಫ್ಯೂಸ್ ಇಲ್ಲದ ಮೂಲ ದೋಷವೂ ಇದರಿಂದ ನೀಗುತ್ತದೆ.

ಬ್ರೇಕ್ ತುಳಿದಾಗ ಇಂಡಿಕೇಟರ್ ಕೂಡ ಮಿಣುಕುವುದು, ಇಂಡಿಕೇಟರ್ ಹಾಕಿದಾಗ ಹಿಂದೀಪ ಏರಿಳಿಯುವುದು ಇಂಥ ವಿಚಿತ್ರಗಳು ಹಿಂದಿನ ದೀಪಗಳ ಅರ್ತ್ ಕೆಟ್ಟಾಗ ಕಾಣುತ್ತವೆ. ಮರಳುವ ದಾರಿ ಸಿಗದ ಪ್ರವಾಹ ಪಕ್ಕದ ಬಲ್ಬಿನ ತಂತುವನ್ನು ಹಾದು ಬೇರೆ ದಾರಿ ಹಿಡಿಯುತ್ತದೆ. ಇಂಡಿಕೇಟರ್‌ನ ಫ್ಲ್ಯಾಶರ್ ಬಲ್ಬುಗಳ ಪ್ರವಾಹದ ಶಾಖದಿಂದಲೇ ಮಿಡಿಯುವುದರಿಂದ ಒಂದು ಬಲ್ಬ್ ಹೋದರೂ, ಜೋಡಣೆ ತುಕ್ಕು ಹಿಡಿದರೂ ಮಿಡಿತ ನಿಧಾನವಾಗುತ್ತದೆ ಇಲ್ಲವೇ ನಿಲ್ಲುತ್ತದೆ.

1960ರ ದಶಕದ ನಡುವಿನಿಂದ ಪೆಟ್ರೋಲ್ ಮಾಪಕಕ್ಕೆ ಸರಾಸರಿ 10 ವೋಲ್ಟ್ ಕೊಡುವ ಸ್ಟೆಬಿಲೈಸರ್ ಬಂದಿತು. ಅದರೊಳಗೆ ಬಿಸಿಯಾಗಿ ಬಾಗುವ, ಎರಡು ಲೋಹಗಳಿಂದಾದ ಪಟ್ಟಿ ಸಂಪರ್ಕವನ್ನು ಮತ್ತೆ ಮತ್ತೆ ಕಡಿದು ಕೂಡಿಸುತ್ತದೆ. ಸ್ಟೆಬಿಲೈಸರ್‌ನ ಅರ್ತ್ ಹೋದರೆ ಪಟ್ಟಿ ಬಿಸಿಯಾಗದೆ ಪೂರ್ತಿ 12 ವೋಲ್ಟ್ ಮುಂದೆ ಹೋಗುತ್ತದೆ. ಮುಳ್ಳು ಇರುವುದಕ್ಕಿಂತ ಹೆಚ್ಚು ಪೆಟ್ರೋಲ್ ತೋರಿಸುತ್ತದೆ.

ಸೋರಿಕೆ

ಕಾರು ನಿಂತಾಗ ಬ್ಯಾಟರಿ ಇಳಿಯುತ್ತಿದ್ದರೆ ಅರ್ತ್ ಕೇಬಲ್ ಕಳಚಿ, ಅದಕ್ಕೂ ಬ್ಯಾಟರಿ ತುದಿಗೂ ನಡುವೆ ಆಂಪಿಯರ್ ಮೀಟರ್ ಇಡಲಾಗುತ್ತದೆ. ಗಡಿಯಾರ, ರೇಡಿಯೊ ಇಲ್ಲದ ಎಂಜಿಬಿಯಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಬಾಗಿಲು ಹಾಕಿದರೂ ಆರದ 5 ವ್ಯಾಟಿನ ಡಿಕ್ಕಿ ದೀಪವೊಂದು ದಿನಕ್ಕೆ ಸುಮಾರು 10 ಆಂಪಿಯರ್-ಗಂಟೆ ಹೀರುತ್ತದೆ. ಪ್ರವಾಹ ಕಂಡರೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯಬೇಕು. ಎಲ್ಲ ತೆಗೆದರೂ ನಿಲ್ಲದಿದ್ದರೆ ಫ್ಯೂಸ್ ಇಲ್ಲದ ಕಂದು ತಂತಿಗಳ ಮೇಲೆ, ವಿಶೇಷವಾಗಿ ಆಲ್ಟರ್ನೇಟರ್ ಡಯೋಡ್‌ಗಳ ಮೇಲೆ ಅನುಮಾನ ಪಡಬೇಕು. ಮೀಟರ್ ಹೀಗೆ ಜೋಡಿಸಿರುವಾಗ ಕೀ ತಿರುಗಿಸಿ ಸ್ಟಾರ್ಟ್ ಮಾಡಿದರೆ ಅದು ಸುಡುತ್ತದೆ.

ತೆರೆದ ಮೈಯ ಪರಿಣಾಮ

ಎಂಜಿಬಿಯ ಬಟ್ಟೆ ಟಾಪನ್ನು ಕೈಯಿಂದಲೇ ಎತ್ತಿ ಕಟ್ಟಬೇಕು. ಮೋಟಾರ್ ಇಲ್ಲದ್ದರಿಂದ ಟಾಪಿನದೇ ವಿದ್ಯುತ್ ದೋಷ ಎಂಬುದಿಲ್ಲ. ತೊಂದರೆ ನೀರಿನದು. ಗಾಜಿನ ಚೌಕಟ್ಟಿನ ಮೂಲೆಗಳಿಂದ ಇಳಿದ ಮಳೆನೀರು ಡ್ಯಾಶ್‌ಬೋರ್ಡಿನ ಹಿಂದಿನ ಸ್ವಿಚ್‌ಗಳಿಗೂ ಕಾಲಿನ ಬಳಿಯ ಕಾರ್ಪೆಟ್‌ಗೂ ಸೇರುತ್ತದೆ. ಆಸನಗಳ ಹಿಂದೆ ನಿಂತ ನೀರು ಬ್ಯಾಟರಿ ತೊಟ್ಟಿಗಳಿಗೆ ಇಳಿಯುತ್ತದೆ. ಆಮ್ಲದ ಆವಿ ಮತ್ತು ತೇವ ಸೇರಿ ತೊಟ್ಟಿಯ ಉಕ್ಕನ್ನೂ ಅದಕ್ಕೆ ಬಿಗಿದ ಅರ್ತ್ ಬೋಲ್ಟನ್ನೂ ತಿನ್ನುತ್ತವೆ. ಹೆಚ್ಚುಕಡಿಮೆ ಇದೇ ವೈರಿಂಗ್ ಇರುವ ಜಿಟಿಗಿಂತ ರೋಡ್‌ಸ್ಟರ್‌ನಲ್ಲಿ ಅರ್ತ್ ದೋಷ ಹೆಚ್ಚಾಗುವುದಕ್ಕೆ ಇದು ಕಾರಣ.

ಭಾರತದಲ್ಲಿ

ಭಾರತದಲ್ಲಿ ಎಂಜಿಬಿಗಳು ವಿರಳ. ಆದರೆ ಅದರ ವಿದ್ಯುತ್ ಪದ್ಧತಿ ಇಲ್ಲಿನ ಮೆಕ್ಯಾನಿಕ್‌ಗಳಿಗೆ ಅಪರಿಚಿತವಲ್ಲ. ಹಿಂದೂಸ್ತಾನ್ ಅಂಬಾಸಡರ್‌ನ 1,489 ಘನ ಸೆಂಟಿಮೀಟರಿನ ಎಂಜಿನ್ ಇದೇ ಬಿ-ಸೀರೀಸ್ ಮನೆತನದ್ದು. 1961ರಲ್ಲಿ ಮದ್ರಾಸಿನಲ್ಲಿ ಸ್ಥಾಪನೆಯಾದ ಲೂಕಾಸ್ ಟಿವಿಎಸ್ ಡೈನಮೊ, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್‌ಗಳನ್ನು ಇಲ್ಲಿಯೇ ತಯಾರಿಸಿತು. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಸ್ಪಾರ್ಕ್ ಪ್ಲಗ್‌ಗಳನ್ನು ಒದಗಿಸಿತು. ಅಂಬಾಸಡರ್ ಕಾಲದಲ್ಲಿ ಪಾಯಿಂಟ್ ಉಜ್ಜಿ, ಕಂಡೆನ್ಸರ್ ಬದಲಿಸಿ ಕೈ ಪಳಗಿದ ಆಟೋ ಎಲೆಕ್ಟ್ರಿಷಿಯನ್‌ಗಳಿಗೆ ಎಂಜಿಬಿಯ ಬಾನೆಟ್ ತೆಗೆದರೆ ಗುರುತು ಹಿಡಿಯದ್ದು ಕಡಿಮೆ.

2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಖಾಸಗಿ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಅವಕಾಶ ಕೊಟ್ಟಿತು. ಅವುಗಳ ನೋಂದಣಿ ಸಂಖ್ಯೆಯಲ್ಲಿ ‘ವಿಎ’ ಅಕ್ಷರಗಳಿರುತ್ತವೆ. ಇವುಗಳನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಪರೂಪಕ್ಕೆ ಓಡುವ ಕಾರಿನಲ್ಲಿ ಸವೆತಕ್ಕಿಂತ ನಿಂತಲ್ಲೇ ಹಿಡಿಯುವ ತುಕ್ಕಿನಿಂದಾಗುವ ದೋಷಗಳೇ ಹೆಚ್ಚು.

ಇಂದಿನ ಸ್ಥಿತಿ

ಲೂಕಾಸ್ ಕಂಪನಿ 1996ರಲ್ಲಿ ವ್ಯಾರಿಟಿ ಕಂಪನಿಯೊಂದಿಗೆ ವಿಲೀನವಾಯಿತು. 1999ರಲ್ಲಿ ಟಿಆರ್‌ಡಬ್ಲ್ಯು ಕಂಪನಿ ಅದನ್ನು ಕೊಂಡಿತು. ಆದರೂ ಎಂಜಿಬಿಯ ಬಿಡಿಭಾಗಗಳಿಗೆ ಕೊರತೆಯಿಲ್ಲ. ಬ್ರಿಟಿಷ್ ಮೋಟಾರ್ ಹೆರಿಟೇಜ್ 1988ರಿಂದ ಕಾರಿನ ಪೂರ್ತಿ ಮೈಯನ್ನೇ ಮತ್ತೆ ತಯಾರಿಸತೊಡಗಿತು. ಮೂಲ ಬಣ್ಣಸಂಕೇತದ ಹೊಸ ಹಾರ್ನೆಸ್‌ಗಳೂ ಸಿಗುತ್ತವೆ. ಹೊಸ ಹಾರ್ನೆಸ್ ಹಾಕಿದರೂ ಅರ್ತ್ ಬೋಲ್ಟ್‌ಗಳ ಕೆಳಗಿನ ಬಣ್ಣ ಕೆರೆಯದಿದ್ದರೆ ಹಳೆಯ ದೋಷಗಳು ಮರುಕಳಿಸುತ್ತವೆ. ಹೊಸದಾಗಿ ಬಣ್ಣ ಹೊಡೆದ ಕಾರುಗಳಲ್ಲಿ ಇದು ವಿಶೇಷವಾಗಿ ಕಾಣುತ್ತದೆ.

ಪಾಯಿಂಟ್ ಬದಲಿಗೆ ಡಿಸ್ಟ್ರಿಬ್ಯೂಟರ್ ಒಳಗೆ ಕೂರುವ ಎಲೆಕ್ಟ್ರಾನಿಕ್ ಘಟಕ, ಪಾಯಿಂಟ್ ಇಲ್ಲದ ಪೆಟ್ರೋಲ್ ಪಂಪ್, ಎಲ್‌ಇಡಿ ಬಲ್ಬ್ ಇವು ವ್ಯಾಪಕವಾಗಿವೆ. ಎಲ್‌ಇಡಿ ಬಲ್ಬುಗಳ ಪ್ರವಾಹ ತೀರಾ ಕಡಿಮೆಯಾದ್ದರಿಂದ ಹಳೆಯ ಫ್ಲ್ಯಾಶರ್ ಮಿಡಿಯುವುದಿಲ್ಲ. ಎಲೆಕ್ಟ್ರಾನಿಕ್ ಫ್ಲ್ಯಾಶರ್ ಹಾಕಬೇಕು. ಕೆಂಪು ಚಾರ್ಜಿಂಗ್ ದೀಪದ ಜಾಗದಲ್ಲಿ ಎಲ್‌ಇಡಿ ಹಾಕಿದರೆ ಆಲ್ಟರ್ನೇಟರ್‌ಗೆ ಬೇಕಾದ ಆರಂಭಿಕ ಪ್ರವಾಹ ಸಿಗದಿರಬಹುದು. 1967ಕ್ಕಿಂತ ಹಿಂದಿನ ಕಾರುಗಳಿಗೆ ಇಂಥ ಸಾಧನ ಜೋಡಿಸಲು ಅನೇಕರು ಋಣ ಅರ್ತ್‌ಗೆ ಬದಲಾಯಿಸಿಕೊಂಡಿದ್ದಾರೆ. ಇದಕ್ಕೆ ಬ್ಯಾಟರಿ ತಿರುಗಿಸುವುದರ ಜೊತೆಗೆ ಕಾಯಿಲ್‌ನ ಎರಡು ತಂತಿಗಳನ್ನು ಅದಲುಬದಲು ಮಾಡಬೇಕು, ಟ್ಯಾಕೋಮೀಟರನ್ನು ಒಳಗಿನಿಂದ ಮಾರ್ಪಡಿಸಬೇಕು. ಡೈನಮೊ ಉಳಿಸಿಕೊಂಡಿದ್ದರೆ ಅದರ ಎಫ್ ತುದಿಗೆ ಬ್ಯಾಟರಿಯ ಜೀವಂತ ತಂತಿಯನ್ನು ಕ್ಷಣಕಾಲ ಮುಟ್ಟಿಸಿ ಹೊಸ ದಿಕ್ಕಿನ ಕಾಂತತ್ವ ಕೊಡಬೇಕು. ಹೀಗೆ ಬದಲಾದ ಕಾರುಗಳು ಕೈ ಬದಲಾಯಿಸುವಾಗ ದಾಖಲೆಯಲ್ಲಿ ಅದು ನಮೂದಾಗಿರುವುದು ಅಪರೂಪ. ವರ್ಷ ನೋಡಿ ಅರ್ತ್ ಯಾವುದೆಂದು ಊಹಿಸುವ ಬದಲು ಯಾವ ತುದಿಯ ಕೇಬಲ್ ಮೈಗೆ ಹೋಗಿದೆ ಎಂದು ತಟ್ಟೆ ಎತ್ತಿ ನೋಡಿಯೇ ಕೆಲಸ ಶುರುಮಾಡಲಾಗುತ್ತದೆ.